ರಾತ್ರಿ 1 ಗಂಟೆಯವರೆಗೂ ಮೊಬೈಲ್ ನೋಡುತ್ತೇನೆ, ಬೆಳಿಗ್ಗೆ ಏಳೋಕೆ ಆಗಲ್ಲ. ಏನು ಮಾಡಲಿ?

ಮೊದಲು ಚಾರ್ಜರನ್ನು ಮಂಚದ ಪಕ್ಕದಿಂದ ತೆಗೆದು ಹಾಲ್‌ನಲ್ಲಿ ಇಡಿ. ನಾನು ಮಾಡಿದ್ದು ಇಷ್ಟೇ, ಜೊತೆಗೆ ಒಂದು ಮಾಮೂಲಿ ಅಲಾರಾಂ ಗಡಿಯಾರ ತಂದೆ, ಯಾಕಂದ್ರೆ "ಅಲಾರಾಂಗೆ ಮೊಬೈಲ್ ಬೇಕಲ್ವಾ" ಅನ್ನೋದೇ ನಮ್ಮೆಲ್ಲರ ದೊಡ್ಡ ನೆಪ. ಮೊದಲ ಮೂರ್ನಾಲ್ಕು ದಿನ ಕೈ ಸುಮ್ನೆ ದಿಂಬಿನ ಕೆಳಗೆ ತಡಕಾಡುತ್ತಿತ್ತು.

ಆಮೇಲೆ ಸಂಜೆ ಕಾಫಿ. ಕುಡಿದ ಕೆಫೀನ್ ಅರ್ಧ ಇಳಿಯೋಕೇ ಸುಮಾರು 5 ಗಂಟೆ ಬೇಕು. 6ಕ್ಕೆ ಸ್ಟ್ರಾಂಗ್ ಫಿಲ್ಟರ್ ಕಾಫಿ ಕುಡಿದರೆ ರಾತ್ರಿ 11ಕ್ಕೂ ಅದರ ಅರ್ಧ ಮೈಯಲ್ಲೇ ಇರುತ್ತದೆ, ನಿದ್ದೆ ಎಲ್ಲಿಂದ ಬರಬೇಕು? ಮಧ್ಯಾಹ್ನದ ಮೇಲೆ ಬೇಡ, ಬಾಯಿ ಚಪಲಕ್ಕೆ ಮಜ್ಜಿಗೆ ಕುಡಿಯಿರಿ. ರಾತ್ರಿ ಊಟ ಬೇಗ ಮುಗಿಸಿ. ಏಳುವ ಹೊತ್ತು ಮಾತ್ರ ಭಾನುವಾರವೂ ಒಂದೇ ಇರಲಿ. ಇದು ಕಷ್ಟ, ನನಗೇ ಇನ್ನೂ ಪೂರ್ತಿ ಒಗ್ಗಿಲ್ಲ.