ಸ್ಕ್ಯಾನ್ ನಾರ್ಮಲ್ ಬಂದಿದೆ, ಮನಸ್ಸು ಒಪ್ಪುತ್ತಿಲ್ಲ

ಪ್ರಶ್ನೆ: ಡಾಕ್ಟರಮ್ಮನವರಿಗೆ ನಮಸ್ಕಾರ. ನನಗೆ ಈಗ 58. ಮುಟ್ಟು ನಿಂತದ್ದು 50ಕ್ಕೆ. ಎಂಟು ತಿಂಗಳ ಹಿಂದೆ ಬಟ್ಟೆ ನೆನೆಸುವಾಗ ಒಳಲಂಗದ ಮೇಲೆ ಕಾಫಿ ಬಣ್ಣದ ಎರಡು ಚುಕ್ಕೆ ಕಂಡವು. ಎದೆ ಧಸಕ್ ಅಂದಿತು. ಏಕೆಂದರೆ ನನ್ನ ನಾದಿನಿ ಎರಡು ವರ್ಷದ ಹಿಂದೆ ಗರ್ಭಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡಳು. ಅವಳಿಗೂ ಹೀಗೇ ಶುರುವಾಗಿತ್ತಂತೆ. ಒಂದು ವರ್ಷ ಯಾರಿಗೂ ಹೇಳದೆ ಇದ್ದುಬಿಟ್ಟಳು.

ನಾನು ಮರುವಾರವೇ ಹೋಗಿ ತೋರಿಸಿದೆ. ಕೆಳಗಿನಿಂದ ಸ್ಕ್ಯಾನ್ ಮಾಡಿ, ಗರ್ಭಕೋಶದ ಒಳಪದರ 3 ಮಿಲಿಮೀಟರ್ ಇದೆ, ಭಯ ಬೇಡ ಅಂದರು. ಗರ್ಭಕೋಶದ ಬಾಯಿಯನ್ನು ನೋಡುವ ಪ್ಯಾಪ್ ಟೆಸ್ಟೂ ನಾರ್ಮಲ್. ‘ವಯಸ್ಸಿಗೆ ಒಣಗಿದೆ, ಅಷ್ಟೇ’ ಅಂತ ಒಳಗೆ ಹಚ್ಚಿಕೊಳ್ಳಲು ಈಸ್ಟ್ರೋಜನ್ ಕ್ರೀಮ್ ಬರೆದುಕೊಟ್ಟರು. ಅದರ ಜೊತೆಗಿದ್ದ ಚೀಟಿಯನ್ನು ಮಗನ ಕೈಲಿ ಓದಿಸಿದೆ. ಅದರಲ್ಲಿ ಕ್ಯಾನ್ಸರ್ ಅಂತ ಏನೋ ಇತ್ತು. ಕ್ರೀಮ್ ಮುಚ್ಚಳ ತೆಗೆಯದೆ ಹಾಗೇ ಬೀರುವಿನಲ್ಲಿದೆ.

ಆಮೇಲೆ ರಕ್ತ ಕಂಡಿಲ್ಲ. ಆದರೂ ತುಮಕೂರಿನಲ್ಲಿ ಒಂದು, ಬೆಂಗಳೂರಿನಲ್ಲಿ ಒಂದು ಸ್ಕ್ಯಾನ್ ಮಾಡಿಸಿದೆ. ಬೆಂಗಳೂರಿನಲ್ಲಿ ಪ್ಯಾಪ್ ಕೂಡ ಇನ್ನೊಮ್ಮೆ ಆಯಿತು. ಎಲ್ಲ ಸರಿ ಇದೆ ಅಂದರು. ಆದರೆ ಕೊನೆಯ ರಿಪೋರ್ಟಿನಲ್ಲಿ 3.2 ಅಂತ ಇದೆ. ಮೊದಲು 3 ಇತ್ತು. ಬೆಳೆದಿದೆ ಅಲ್ವಾ?

ಬಚ್ಚಲಿಗೆ ಹೋದಾಗಲೆಲ್ಲ ಬಿಳಿ ಬಟ್ಟೆಯಲ್ಲಿ ಒರೆಸಿ, ಮೊಬೈಲ್ ಟಾರ್ಚ್ ಹಾಕಿ ನೋಡುತ್ತೇನೆ. ದಿನಕ್ಕೆ ಹತ್ತು ಹದಿನೈದು ಸಲ ಆಗುತ್ತದೆ. ಅನುಮಾನ ಬಂದರೆ ಫೋಟೊ ತೆಗೆದು ಸೊಸೆಗೆ ಕಳಿಸುತ್ತೇನೆ. ಪಾಪ, ಅವಳು ಆಫೀಸಿನಲ್ಲಿದ್ದರೂ ‘ಏನಿಲ್ಲ ಅತ್ತೆ’ ಅಂತ ಬರೆಯುತ್ತಾಳೆ. ಕೆಳಗೆ ಉರಿ, ಕಿಬ್ಬೊಟ್ಟೆ ಭಾರ, ಗಳಿಗೆಗೊಮ್ಮೆ ಮೂತ್ರಕ್ಕೆ ಹೋಗಬೇಕು ಅನ್ನಿಸುತ್ತದೆ. ಮೂತ್ರ ಪರೀಕ್ಷೆಯಲ್ಲಿ ಏನೂ ಬಂದಿಲ್ಲ. ರಾತ್ರಿ ಎರಡಕ್ಕೆ ಎಚ್ಚರವಾದರೆ ಬೆಳಗಿನವರೆಗೂ ಯೂಟ್ಯೂಬ್. ಮೊಮ್ಮಗಳ ನಾಮಕರಣದಲ್ಲಿ ತೊಟ್ಟಿಲ ಹತ್ತಿರ ನಿಲ್ಲಲಾಗದೆ ಮೂರು ಸಲ ಒಳಗೆ ಹೋಗಿ ಬಂದೆ. ನಮ್ಮದು ತೆಂಗಿನ ತೋಟ, ಮನೆಯಲ್ಲೇ ಕೊಬ್ಬರಿ ಮಾಡುತ್ತೇವೆ. ಈ ವರ್ಷ ನಾನು ಯಾವ ಕೆಲಸಕ್ಕೂ ಕೈ ಹಾಕಿಲ್ಲ.

ಮೂರು ಜನ ಡಾಕ್ಟರು ಹೇಳಿದರೂ ನನಗೆ ಯಾಕೆ ನಂಬಿಕೆ ಬರುತ್ತಿಲ್ಲ? ಮತ್ತೆ ಯಾವಾಗ ತೋರಿಸಬೇಕು, ಯಾವಾಗ ಬೇಡ? ದಯವಿಟ್ಟು ಹೇಳಿ.
— ಹೆಸರು ಬೇಡ, ತಿಪಟೂರು ತಾಲ್ಲೂಕು

ಉತ್ತರ: ಮೊದಲು ಆ 0.2ರ ವಿಷಯ ಮುಗಿಸೋಣ. ನಿಮ್ಮ ನಿದ್ದೆ ಅಲ್ಲೇ ಸಿಕ್ಕಿಹಾಕಿಕೊಂಡಿದೆ ಅಂತ ಕಾಣುತ್ತದೆ.

ಸ್ಕ್ಯಾನ್ ಮಾಡುವವರು ಪರದೆಯ ಮೇಲೆ ಒಳಪದರದ ಈ ಅಂಚಿಗೊಂದು ಗುರುತು, ಆ ಅಂಚಿಗೊಂದು ಗುರುತು ಇಡುತ್ತಾರೆ. ನಡುವಿನ ಅಂತರವನ್ನು ಯಂತ್ರ ಬರೆಯುತ್ತದೆ. ಕೈ ಸ್ವಲ್ಪ ವಾಲಿದರೂ ಅಂಕಿ ಬದಲಾಗುತ್ತದೆ. ಒಬ್ಬರೇ ಹತ್ತು ನಿಮಿಷ ಬಿಟ್ಟು ಅಳೆದರೂ 3 ಇದ್ದದ್ದು 3.2 ಆಗಬಹುದು, 2.8 ಆಗಬಹುದು. ನಿಮಗೆ ಅಳೆದದ್ದು ಬೇರೆ ಬೇರೆ ಊರಿನಲ್ಲಿ, ಬೇರೆ ಬೇರೆ ಯಂತ್ರದಲ್ಲಿ. ಅದು ಬೆಳೆದದ್ದಲ್ಲ. ಮುಟ್ಟು ನಿಂತ ಮೇಲೆ ರಕ್ತ ಕಂಡವರಲ್ಲಿ ಒಳಪದರ 4 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಅಲ್ಲಿ ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ನಾವು ಡಾಕ್ಟರುಗಳು ನೋಡುವ ಗೆರೆ ಅದು. ನೀವು ಮೂರು ಸಲವೂ ಅದರ ಒಳಗೇ ಇದ್ದೀರಿ.

ಚುಕ್ಕೆ ಕಂಡ ಮರುವಾರವೇ ಹೋಗಿ ತೋರಿಸಿದಿರಲ್ಲ, ಅದು ತುಂಬಾ ಒಳ್ಳೆಯದಾಯಿತು. ಆ ಹೆದರಿಕೆ ಸರಿಯಾದ ಹೆದರಿಕೆ. ಮುಟ್ಟು ನಿಂತ ಮೇಲೆ ರಕ್ತ ಕಂಡ ನೂರು ಹೆಂಗಸರಲ್ಲಿ ಸುಮಾರು ಒಂಬತ್ತು ಹತ್ತು ಜನರಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರುತ್ತದೆ. ಉಳಿದವರಿಗೆ ಒಣಗಿದ್ದು, ಸಣ್ಣ ಪಾಲಿಪ್ ಅಂದರೆ ಒಳಗೆ ಬೆಳೆಯುವ ಮೆತ್ತನೆ ಗಂಟು, ಹೀಗೆ ಬೇರೆ ಕಾರಣ. ಆ ಹತ್ತರಲ್ಲಿ ನೀವಿದ್ದೀರಾ ಅಂತ ನೋಡಬೇಕಿತ್ತು. ನೋಡಿಯಾಯಿತು.

ಇನ್ನು ನಿಮ್ಮ ನಾದಿನಿ. ಅವರ ಬಗ್ಗೆ ಓದಿ ನನಗೆ ನೋವಾಯಿತು. ಒಂದು ವರ್ಷ ಒಬ್ಬರೇ ಬಚ್ಚಿಟ್ಟುಕೊಂಡು ಎಷ್ಟು ಒದ್ದಾಡಿರಬೇಕು. ಆದರೆ ಅವರು ನಿಮ್ಮ ಗಂಡನ ತಂಗಿ. ನಿಮಗೂ ಅವರಿಗೂ ರಕ್ತಸಂಬಂಧ ಇಲ್ಲ. ಅವರ ಕಾಯಿಲೆ ನಿಮ್ಮ ಮೈಗೆ ಬರುವ ದಾರಿಯೇ ಇಲ್ಲ. ಅವರಿಗೆ ಹೆಣ್ಣುಮಕ್ಕಳಿದ್ದರೆ, ಅವರು ತಮ್ಮ ಡಾಕ್ಟರ ಹತ್ತಿರ ‘ನಮ್ಮ ಅಮ್ಮನಿಗೆ ಇಂಥ ವಯಸ್ಸಿನಲ್ಲಿ ಹೀಗಾಗಿತ್ತು’ ಅಂತ ಒಂದು ಮಾತು ಹೇಳಲಿ. ಅವರು ಕಳೆದ ಆ ಒಂದು ವರ್ಷದ ಸಾಲ ತೀರಿಸುವ ಹಾಗೆ ನೀವು ಈಗ ದಿನಕ್ಕೆ ಹದಿನೈದು ಸಲ ನೋಡಿಕೊಳ್ಳುತ್ತಿದ್ದೀರಿ ಅಂತ ನನಗೆ ಅನ್ನಿಸುತ್ತದೆ. ಅವರು ಹೋದ ದುಃಖವನ್ನು ನೀವು ಸರಿಯಾಗಿ ಅತ್ತು ಮುಗಿಸಿಲ್ಲವೇನೋ.

ಈಗ ಬಿಳಿ ಬಟ್ಟೆಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಚಿಂತೆ ಕೊಟ್ಟದ್ದು ಇದೇ.

ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಹಾರ್ಮೋನು ಇಳಿಯುತ್ತದೆ. ಯೋನಿಯ ಒಳಚರ್ಮ, ಮೂತ್ರದ ದಾರಿಯ ಸುತ್ತಲಿನ ಚರ್ಮ ತೆಳ್ಳಗಾಗುತ್ತದೆ. ಈರುಳ್ಳಿ ಬಿಡಿಸುವಾಗ ಎಸಳಿಗೆ ಅಂಟಿಕೊಂಡ ಪೊರೆ ಬರುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಅಂಥ ಚರ್ಮವನ್ನು ಒಣಬಟ್ಟೆಯಲ್ಲಿ ದಿನಕ್ಕೆ ಹದಿನೈದು ಸಲ ಉಜ್ಜಿದರೆ ಉರಿಯದೆ ಇರುತ್ತದೆಯೇ? ಹಾಗೇ ಉಜ್ಜುತ್ತಿದ್ದರೆ ಒಂದು ದಿನ ಸಣ್ಣದಾಗಿ ಬಿರಿದು, ಬಟ್ಟೆಗೆ ಗುಲಾಬಿ ಬಣ್ಣ ಹತ್ತಬಹುದು. ಯಾವುದಕ್ಕೆ ಹೆದರಿ ನೋಡುತ್ತಿದ್ದೀರೋ ಅದನ್ನೇ ನಿಮ್ಮ ಕೈ ತಂದುಬಿಡುತ್ತದೆ. ಸೋಪು, ಆಂಟಿಸೆಪ್ಟಿಕ್ ಹಾಕಿ ತೊಳೆಯುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ. ಬರೀ ನೀರು ಸಾಕು. ತೊಳೆದು, ಮೆತ್ತನೆ ಬಟ್ಟೆಯಿಂದ ಒತ್ತಿ ತೆಗೆಯಿರಿ. ಒರೆಸಬೇಡಿ.

ಕಿಬ್ಬೊಟ್ಟೆ ಭಾರ, ಗಳಿಗೆಗೊಮ್ಮೆ ಮೂತ್ರ, ಇವು ಒಣಗಿದ್ದರಿಂದಲೂ ಬರುತ್ತವೆ, ಹೆದರಿಕೆಯಿಂದಲೂ ಬರುತ್ತವೆ. ಚಳಿಯಲ್ಲಿ ನಮಗೆ ಗೊತ್ತಿಲ್ಲದೆ ಹಲ್ಲು ಕಚ್ಚಿಕೊಂಡಿರುತ್ತೇವಲ್ಲ, ಹೆದರಿದಾಗ ಕೆಳಗಿನ ಸ್ನಾಯುಗಳೂ ಹಾಗೆ ಬಿಗಿಯಾಗುತ್ತವೆ. ಸಂಜೆ ಹೊತ್ತಿಗೆ ಭಾರ, ನೋವು. ಅದನ್ನೇ ಮನಸ್ಸು ‘ನೋಡು, ಒಳಗೆ ಏನೋ ಇದೆ’ ಅನ್ನುತ್ತದೆ. ನೋವು ಸುಳ್ಳಲ್ಲ. ಅದಕ್ಕೆ ಮನಸ್ಸು ಕೊಡುವ ಕಾರಣ ತಪ್ಪು.

ಕ್ರೀಮ್ ತೆಗೆದು ಹಚ್ಚಿಕೊಳ್ಳಿ. ಆ ಚೀಟಿಯ ಎಚ್ಚರಿಕೆ ಎಲ್ಲಿಂದ ಬಂತು ಹೇಳುತ್ತೇನೆ. 2002ರಲ್ಲಿ ಅಮೆರಿಕದಲ್ಲಿ ಹಾರ್ಮೋನು ಮಾತ್ರೆಗಳ ಮೇಲೆ ನಡೆಯುತ್ತಿದ್ದ ದೊಡ್ಡ ಅಧ್ಯಯನವೊಂದರ ಒಂದು ಭಾಗವನ್ನು, ಸ್ತನ ಕ್ಯಾನ್ಸರ್ ಸ್ವಲ್ಪ ಜಾಸ್ತಿ ಕಂಡಿತು ಅಂತ ನಡುವೆಯೇ ನಿಲ್ಲಿಸಿದರು. ಅವು ನುಂಗುವ ಮಾತ್ರೆ, ಮೈಯೆಲ್ಲ ಸೇರುವ ಹಾರ್ಮೋನು. ನಿಮ್ಮದು ಕಡಿಮೆ ಪ್ರಮಾಣದ್ದು, ಹಚ್ಚಿದ ಜಾಗದಲ್ಲೇ ಕೆಲಸ ಮಾಡುವಂಥದ್ದು. ರಕ್ತಕ್ಕೆ ಸೇರುವುದು ತೀರಾ ಸ್ವಲ್ಪ. ಸಾಮಾನ್ಯವಾಗಿ ಮೊದಲ ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ ಹಚ್ಚಲು ಹೇಳುತ್ತೇವೆ. ನಿಮ್ಮ ಡಾಕ್ಟರು ಬರೆದ ಹಾಗೆ ಮಾಡಿ. ಗುಣ ಕಾಣಲು ಕೆಲವು ವಾರ ಬೇಕು, ಮೂರನೇ ದಿನಕ್ಕೇ ಬಿಡಬೇಡಿ. ನಿಮಗೆ ಯಾವಾಗಲಾದರೂ ಸ್ತನ ಕ್ಯಾನ್ಸರ್ ಆಗಿದ್ದರೆ ಮಾತ್ರ ಅವರನ್ನು ಕೇಳದೆ ಹಚ್ಚಬೇಡಿ.

ಯಾಕೆ ನಂಬಿಕೆ ಬರುತ್ತಿಲ್ಲ ಅಂತ ಕೇಳಿದಿರಿ. ಇದಕ್ಕೆ ನನ್ನದೇ ಒಂದು ಅನುಭವ ಹೇಳಬೇಕು.

ನನಗೆ 56 ಇದ್ದಾಗ ಎಡಗಡೆ ಕಿಬ್ಬೊಟ್ಟೆಯಲ್ಲಿ ಏನೋ ಎಳೆದ ಹಾಗೆ ಆಗುತ್ತಿತ್ತು. ಅದೇ ತಿಂಗಳು ನನ್ನ ಪೇಷಂಟ್ ಒಬ್ಬರಿಗೆ ಅಂಡಾಶಯದ ಕ್ಯಾನ್ಸರ್ ಅಂತ ಗೊತ್ತಾಗಿತ್ತು. ನನ್ನ ಗೆಳತಿ ಸ್ಕ್ಯಾನಿಂಗ್ ಡಾಕ್ಟರು. ಅವಳ ಹತ್ತಿರ ಒಂದೇ ತಿಂಗಳಲ್ಲಿ ಮೂರು ಸಲ ಹೋಗಿ ಮಲಗಿದೆ. ಎರಡು ಸಲ ಸುಮ್ನೆ ಮಾಡಿಕೊಟ್ಟಳು. ಮೂರನೇ ಸಲ ಯಂತ್ರ ಮುಟ್ಟಲಿಲ್ಲ. ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತಳು. ‘ಹೋದ ಸಲ ನಾರ್ಮಲ್ ಅಂತ ಹೇಳಿದ್ದೆನಲ್ಲ, ಎಷ್ಟು ಹೊತ್ತು ಸಮಾಧಾನ ಇತ್ತು ನಿಂಗೆ?’ ಅಂತ ಕೇಳಿದಳು. ನಾನು ಯೋಚನೆ ಮಾಡಿ ಹೇಳಿದೆ, ‘ರಾತ್ರಿ ಊಟದವರೆಗೆ.’ ‘ಹಾಗಾದರೆ ಇವತ್ತೂ ಅಷ್ಟೇ ಇರುತ್ತೆ’ ಅಂದಳು. ಅವತ್ತು ಸ್ಕ್ಯಾನ್ ಮಾಡಲಿಲ್ಲ. ನಾನು ಅಲ್ಲೇ ಅತ್ತೆ. 25 ವರ್ಷ ಬೇರೆಯವರಿಗೆ ‘ಏನಿಲ್ಲ ಹೋಗಿ’ ಅಂದವಳಿಗೆ, ಆ ಮಾತಿನ ಬಲ ಎಷ್ಟು ಗಂಟೆ ಅಂತ ಅವತ್ತೇ ಗೊತ್ತಾದದ್ದು.

ನಿಮ್ಮ ಸೊಸೆ ‘ಏನಿಲ್ಲ ಅತ್ತೆ’ ಅಂತ ಕಳಿಸುವ ಉತ್ತರವೂ ಹಾಗೇ. ನೋಡಿದ ತಕ್ಷಣ ಎದೆ ಹಗುರ. ಆ ಹಗುರ ಇಳಿದ ಮೇಲೆ ಮನಸ್ಸು ಇನ್ನೊಂದು ಸಲ ಕೇಳುತ್ತದೆ. ಪ್ರತಿ ಸಲ ಕೊಟ್ಟಷ್ಟೂ ಅದರ ಬೇಡಿಕೆ ಜಾಸ್ತಿಯಾಗುತ್ತದೆ. ಹಾಗಾಗಿ ನಾಲ್ಕನೇ ಸ್ಕ್ಯಾನ್ ನಿಮಗೆ ನಂಬಿಕೆ ತಂದುಕೊಡುವುದಿಲ್ಲ. ನೋಡದೆ ಕಳೆದ ಗಂಟೆಗಳು ತಂದುಕೊಡುತ್ತವೆ. ನೀವು ಕೊಬ್ಬರಿ ಮಾಡುವವರು, ನಿಮಗೆ ಗೊತ್ತು. ಅಟ್ಟಕ್ಕೆ ಕಾಯಿ ಹಾಕಿ ತಿಂಗಳುಗಟ್ಟಲೆ ಬಿಡುತ್ತೀರಿ. ದಿನಾ ಏಣಿ ಹತ್ತಿ ಒಂದೊಂದೇ ಕಾಯಿ ಅಲ್ಲಾಡಿಸಿ ನೋಡುವುದಿಲ್ಲ ಅಲ್ವಾ? ಒಳಗೆ ಕಾಣದಿದ್ದರೂ ಬಿಡುವ ಧೈರ್ಯ ನಿಮಗೆ ಅಭ್ಯಾಸ ಇದೆ.

ನಾಳೆಯಿಂದ ಮೊಬೈಲ್ ಬಚ್ಚಲ ಹೊರಗೆ ಇರಲಿ. ನೋಡಲೇಬೇಕು ಅನ್ನಿಸಿದರೆ ದಿನಕ್ಕೆ ಒಂದು ಸಲ, ಸ್ನಾನಕ್ಕೆ ಬಟ್ಟೆ ತೆಗೆಯುವಾಗ, ಒಳಲಂಗವನ್ನು ಹಗಲು ಬೆಳಕಿನಲ್ಲಿ ನೋಡಿ. ಅಷ್ಟೇ. ಬೇರೆ ಹೊತ್ತಿನಲ್ಲಿ ನೋಡುವ ಆಸೆ ಬಂದರೆ ‘ಹತ್ತು ನಿಮಿಷ ಬಿಟ್ಟು’ ಅಂತ ಮುಂದೂಡಿ. ಮುಂದಿನ ವಾರ ಇಪ್ಪತ್ತು ನಿಮಿಷ. ಮೊದಲ ನಾಲ್ಕೈದು ದಿನ ತುಂಬಾ ಕಷ್ಟವಾಗುತ್ತದೆ. ಕೈ ನಡುಗಬಹುದು, ಬೆವರಬಹುದು. ಅದು ಏರಿ, ತಾನಾಗಿ ಇಳಿಯುತ್ತದೆ. ಇಳಿಯುವುದನ್ನು ಒಮ್ಮೆ ನೀವೇ ಕಂಡರೆ ಅರ್ಧ ಗೆದ್ದ ಹಾಗೆ.

ಸೊಸೆಗೆ ಈ ಪುಟ ಓದಲು ಕೊಡಿ. ಅವಳಿಗೆ ನನ್ನದೊಂದು ಮಾತು: ಮುಂದಿನ ಸಲ ಫೋಟೊ ಬಂದರೆ ‘ಏನಿಲ್ಲ’ ಅನ್ನಬೇಡಮ್ಮ. ‘ಅತ್ತೆ, ಹೆದರಿಕೆ ಆಗ್ತಿದೆ ಅಲ್ವಾ, ಸ್ವಲ್ಪ ಹೊತ್ತು ಮಾತಾಡೋಣ’ ಅಂತ ಫೋನ್ ಮಾಡು. ಫೋಟೊ ಬಗ್ಗೆ ಏನೂ ಹೇಳಬೇಡ. ಮಗುವಿನ ವಿಷಯ ಹೇಳು.

ಮತ್ತೆ ಯಾವಾಗ ತೋರಿಸಬೇಕು? ಕಂದು, ಗುಲಾಬಿ, ಕೆಂಪು, ಯಾವ ಬಣ್ಣದ ರಕ್ತವೇ ಆಗಲಿ, ಒಂದೇ ಚುಕ್ಕೆಯಾಗಲಿ, ಮತ್ತೆ ಕಂಡರೆ ಆ ವಾರವೇ ಹೋಗಿ. ಎರಡನೇ ಸಲ ಬಂದರೆ ಪದರ ತೆಳ್ಳಗಿದ್ದರೂ ಸ್ಕ್ಯಾನ್‌ಗೇ ನಿಲ್ಲಿಸುವುದಿಲ್ಲ. ಒಳಪದರದ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತೇವೆ, ಇಲ್ಲವೇ ಸಣ್ಣ ಕ್ಯಾಮೆರಾ ಹಾಕಿ ಗರ್ಭಕೋಶದ ಒಳಗೆ ನೋಡುತ್ತೇವೆ. ‘ಪ್ಯಾಪ್ ನಾರ್ಮಲ್ ಇತ್ತಲ್ಲ’ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಪ್ಯಾಪ್ ನೋಡುವುದು ಗರ್ಭಕೋಶದ ಬಾಯಿಯನ್ನು, ಒಳಪದರವನ್ನಲ್ಲ. ವಾಸನೆಯ ನೀರು ಹೋಗುವುದು, ವಾರಗಟ್ಟಲೆ ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬುವುದು, ಕೆಳಗೆ ಗಂಟು ಇಳಿದ ಹಾಗೆ ಆಗುವುದು, ಇವಕ್ಕೂ ಹೋಗಬೇಕು. ಇವು ಯಾವುದೂ ಇಲ್ಲದೆ ಬರೀ ಹೆದರಿಕೆ ಬಂದರೆ ಸ್ಕ್ಯಾನ್ ಸೆಂಟರಿಗಲ್ಲ. ಮೂರು ರಿಪೋರ್ಟನ್ನೂ ಒಂದೇ ಫೈಲಿಗೆ ಹಾಕಿ, ಒಬ್ಬರೇ ಡಾಕ್ಟರ ಹತ್ತಿರ ಉಳಿಯಿರಿ. ಮುಂದಿನ ಭೇಟಿಗೆ ಈಗಲೇ ತಾರೀಕು ಕೇಳಿ ಕ್ಯಾಲೆಂಡರಿನಲ್ಲಿ ಬರೆದಿಡಿ.

ಆರು ವಾರ ಹೀಗೆ ಮಾಡಿಯೂ ನಿದ್ದೆ ಬರದಿದ್ದರೆ ಮನೋವೈದ್ಯರನ್ನು ಕಾಣಬೇಕು. ಕಾಯಿಲೆಯ ಹೆದರಿಕೆಗೆ ಮಾತಿನ ಚಿಕಿತ್ಸೆ ಇದೆ, ಬೇಕಾದರೆ ಮಾತ್ರೆಯೂ ಇದೆ, ಗುಣವಾಗುತ್ತದೆ. ನನ್ನ ಗೆಳತಿ ನನ್ನನ್ನೂ ಕಳಿಸಿದಳು, ನಾನು ಹೋದೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ. ರಾತ್ರಿ ಎರಡಕ್ಕೆ ಎಚ್ಚರವಾದರೆ ಯೂಟ್ಯೂಬ್ ಬಿಟ್ಟು 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮನಸ್ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಎರಡು ತಿಂಗಳು ಬಿಟ್ಟು ನನಗೆ ಮತ್ತೆ ಬರೆಯಿರಿ. ಕಾಯುತ್ತಿರುತ್ತೇನೆ.

ಪ್ರಶ್ನೆ: ನಮ್ಮ ಅತ್ತೆಗೆ 66, ಶುಗರ್ ಇದೆ, ದಪ್ಪ ಇದ್ದಾರೆ. ಎರಡು ತಿಂಗಳಿಂದ ಆಗಾಗ ಬಟ್ಟೆಯಲ್ಲಿ ಕಲೆ ಇರುತ್ತದೆ. ಕೇಳಿದರೆ ‘ಉಷ್ಣ ಕಣೇ’ ಅಂತ ಮೆಂತ್ಯದ ನೀರು ಕುಡಿಯುತ್ತಾರೆ. ಗಂಡಸರಿಗೆ ಹೇಳಬೇಡ ಅಂತ ಆಣೆ ಹಾಕಿಸಿದ್ದಾರೆ. ಏನು ಮಾಡಲಿ?
— ಸೊಸೆ, ಅರಸೀಕೆರೆ

ಉತ್ತರ: ಇದು ಉಷ್ಣ ಅಲ್ಲ ತಾಯಿ. ಈ ವಾರವೇ ಕರೆದುಕೊಂಡು ಹೋಗಿ. ದಪ್ಪ ಇರುವವರಿಗೆ, ಶುಗರ್ ಇರುವವರಿಗೆ ಒಳಪದರದ ಕ್ಯಾನ್ಸರ್ ಅಪಾಯ ಬೇರೆಯವರಿಗಿಂತ ಜಾಸ್ತಿ. ಆದರೆ ಈ ಕ್ಯಾನ್ಸರ್ ಬಂದ ಹತ್ತರಲ್ಲಿ ಒಂಬತ್ತು ಜನರಿಗೆ ಮೊದಲು ಕಾಣುವುದು ರಕ್ತವೇ. ಹಾಗಾಗಿ ಬೇಗ ತೋರಿಸಿದವರಲ್ಲಿ ಬಹಳ ಜನ ಆಪರೇಷನ್ ಮಾಡಿಸಿಕೊಂಡು ಗುಣವಾಗುತ್ತಾರೆ. ಬೇರೆ ಸಣ್ಣ ಕಾರಣವೂ ಇರಬಹುದು, ನೋಡದೆ ಹೇಳಲಾಗದು.

ಆಣೆಯನ್ನು ಸದ್ಯಕ್ಕೆ ಉಳಿಸಿಕೊಳ್ಳಿ, ಗಂಡಸರಿಗೆ ಹೇಳಬೇಡಿ. ‘ಅತ್ತೆ, ನನಗೂ ತೋರಿಸಬೇಕು, ಜೊತೆಗೆ ಬನ್ನಿ’ ಅನ್ನಿ. ಲೇಡಿ ಡಾಕ್ಟರ ಹತ್ತಿರ ಹೋಗಿ. ಅವರು ನುಂಗುವ ಮಾತ್ರೆಗಳ ಚೀಟಿ ತೆಗೆದುಕೊಂಡು ಹೋಗಿ, ರಕ್ತ ತೆಳುವಾಗುವ ಮಾತ್ರೆ ಇದ್ದರೆ ಮೊದಲೇ ಹೇಳಿ. ಕಲೆಯಾದ ಬಟ್ಟೆ ಒಗೆಯುವ ಮುಂಚೆ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಒಳಗೆ ಪರೀಕ್ಷೆ ಮಾಡುವಾಗ ಅವರ ಕೈ ಹಿಡಿದುಕೊಂಡು ತಲೆಯ ಹತ್ತಿರ ನಿಂತಿರಿ.