ಸಂಪಾದಕರ ಉತ್ತರ: ‘ಇದು ಪ್ರಕಟಣೆಗೆ ಅಲ್ಲ’

ಟೀಚರ್, ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಉಡುಪಿ ಕಡೆಯವರು, ಸರಕಾರಿ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತರಾದವರು ಅಂತಷ್ಟೇ ಹೇಳುತ್ತೇನೆ. ನಾಲ್ಕು ಹಾಳೆ ಪೂರ್ತಿ ಅಚ್ಚು ಹಾಕಲು ಜಾಗ ಇಲ್ಲ. ಹಾಗಾಗಿ ಉಳಿದ ಓದುಗರಿಗೆ ನಿಮ್ಮ ದೂರು ಏನು ಅಂತ ಚುಟುಕಾಗಿ ತಿಳಿಸಿಬಿಡುತ್ತೇನೆ.

ಕಳೆದ ಸಂಚಿಕೆಯಲ್ಲಿ ನಾವು ‘ಅಂದಿನ ಕಾಲೇಜು ಹುಡುಗಿಯರು’ ಅಂತ ಎಂಟು ಪುಟ ಕೊಟ್ಟಿದ್ದೆವು. 1970ರ ದಶಕದಲ್ಲಿ ಮಂಗಳೂರು, ಉಡುಪಿಯ ಕಾಲೇಜುಗಳಲ್ಲಿ ಡಿಗ್ರಿ ಮಾಡಿದ ಹೆಂಗಸರು ತಮ್ಮ ನಿವೃತ್ತಿಯ ದಿನಗಳ ಬಗ್ಗೆ ಬರೆದ ಪತ್ರಗಳು ಅದರಲ್ಲಿದ್ದವು. ಓದಿ ನಿಮಗೆ ಸಿಟ್ಟು ಬಂದಿದೆ. ಒಬ್ಬರ ಮಗ ಡಲ್ಲಾಸ್‌ನಲ್ಲಿ, ಇನ್ನೊಬ್ಬರ ಮಗಳು ಮೆಲ್ಬರ್ನ್‌ನಲ್ಲಿ, ಮತ್ತೊಬ್ಬರ ಅಳಿಯ ದುಬೈಯಲ್ಲಿ. ಮೊಮ್ಮಗ ಚೆಸ್ ಆಡುತ್ತಾನೆ. ಕಾಶಿ ಆಯಿತು, ಬದರಿ ಆಯಿತು. ದೇವರ ದಯೆಯಿಂದ ಎಲ್ಲರೂ ಸೌಖ್ಯ. ಇಷ್ಟು ಓದಿ ನೀವು ಕೇಳಿದ್ದು: ‘ಇದು ನಿವೃತ್ತರ ಸುದ್ದಿಯೋ, ಮಕ್ಕಳ ಸುದ್ದಿಯೋ? ನನ್ನ ಜತೆ ಒಂದೇ ಬೆಂಚಿನಲ್ಲಿ ಕೂತವಳು ಈಗ ಬೆಳಗ್ಗೆ ಎದ್ದು ಏನು ಮಾಡುತ್ತಾಳೆ ಅಂತ ಎಲ್ಲೂ ಒಂದು ಸಾಲಿಲ್ಲ. ನನ್ನ ಹತ್ತಿರ ಇಂಥ ಸುದ್ದಿ ಇಲ್ಲ, ಅದಕ್ಕೇ ನಾನು ಬರೆಯಲಿಲ್ಲ.’

ನಿಮ್ಮ ಮಾತು ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲಿಗೆ ಮೊದಲು ತಕರಾರು ತೆಗೆಯುತ್ತೇನೆ.

ಮಂಗಳೂರಿನ ಬೆಂದೂರಿನಲ್ಲಿ ಸಂತ ಆಗ್ನೆಸ್ ಕಾಲೇಜು ಶುರುವಾದದ್ದು 1921ರಲ್ಲಿ. ಉಡುಪಿಗೆ ಎಂಜಿಎಂ ಕಾಲೇಜು ಬಂದದ್ದು 1949ರಲ್ಲಿ. ಅಂದರೆ ಎಪ್ಪತ್ತರ ದಶಕದ ಹೊತ್ತಿಗೆ ಹುಡುಗಿಯರು ಕಾಲೇಜಿಗೆ ಹೋಗುವುದು ಊರಿಗೆ ಹೊಸದಲ್ಲ. ಆದರೆ ಮನೆಗೆ ಹೊಸದು. ನಮಗೆ ಬರೆದವರಲ್ಲಿ ಜಾಸ್ತಿ ಜನ ತಮ್ಮ ಮನೆಯಿಂದ ಡಿಗ್ರಿಗೆ ಹೋದ ಮೊದಲ ಹುಡುಗಿಯರು. ಮಂಗಳೂರಿಗೆ ಸ್ವಂತ ವಿಶ್ವವಿದ್ಯಾಲಯ ಬಂದದ್ದು 1980ರಲ್ಲಿ. ಹಾಗಾಗಿ ಇವರ ಸರ್ಟಿಫಿಕೇಟಿನಲ್ಲಿ ಇರುವುದು ಮೈಸೂರು ವಿಶ್ವವಿದ್ಯಾಲಯದ ಮುದ್ರೆ. ಹಾಗೆ ಓದಿ, ಕೆಲಸಕ್ಕೆ ಸೇರಿ, ಸಂಬಳದಲ್ಲಿ ಮಕ್ಕಳ ಫೀಸು ಕಟ್ಟಿದವರು ‘ನನ್ನ ಮಗ ಡಲ್ಲಾಸ್‌ನಲ್ಲಿ’ ಅಂದರೆ ಆ ಡಲ್ಲಾಸ್‌ನಲ್ಲಿ ಅವರ ಸಂಬಳದ ಪಾಲೂ ಉಂಟು. ಅದನ್ನು ಬರೀ ಜಂಭ ಅಂತ ತಳ್ಳಿಬಿಡುವುದು ಬೇಡ.

ತಕರಾರು ಅಷ್ಟೇ. ಇನ್ನು ನಿಮ್ಮ ಕಡೆಗೇ ಬರುತ್ತೇನೆ. ನೋಡಿ, ಅಳಿಯಕಟ್ಟು ನಡೆದ ಊರು ಇದು. ಬಂಟರು, ಬಿಲ್ಲವರು, ಮೊಗವೀರರಂಥ ಸಮುದಾಯಗಳಲ್ಲಿ ಮನೆತನದ ಲೆಕ್ಕ ತಾಯಿಯ ಕಡೆಯಿಂದ. ಅಂಥ ಊರಿನ ಹೆಂಗಸರು ತಮ್ಮ ಬಗ್ಗೆ ಬರೆಯಿರಿ ಅಂದರೆ ಮಗನ ಕಂಪನಿಯ ಹೆಸರಿಂದ ಶುರು ಮಾಡುತ್ತಾರೆ. ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ.

ಈಗ ನಿಮಗೆ ಕಾಣದೆ ಉಳಿದ ಒಂದು ಸಂಗತಿ ಹೇಳುತ್ತೇನೆ. ನಮ್ಮ ಮೇಜಿಗೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಎರಡು ಭಾಗದಲ್ಲಿದ್ದವು. ಮೇಲಿನದು ನೀವು ಓದಿದ್ದು. ಅದು ಮುಗಿದ ಕೂಡಲೇ ಅಡ್ಡಕ್ಕೆ ಒಂದು ಗೆರೆ. ಗೆರೆಯ ಕೆಳಗೆ, ‘ಇದು ಪ್ರಕಟಣೆಗೆ ಅಲ್ಲ, ನಿಮಗೆ ಮಾತ್ರ’. ನಿಜವಾದ ಪತ್ರ ಶುರುವಾಗುವುದು ಅಲ್ಲಿಂದ. ಅಕ್ಷರ ಕೂಡ ಬೇರೆ. ಮೇಲಿನದು ಪರೀಕ್ಷೆಗೆ ಬರೆದ ಹಾಗೆ ದುಂಡಗೆ. ಕೆಳಗಿನದು ವಾಲಿಕೊಂಡು ಓಡುತ್ತದೆ, ಹಾಳೆ ಸಾಲದೆ ಅಂಚಿಗೂ ಹತ್ತುತ್ತದೆ.

ನಿಮ್ಮ ಪತ್ರ ಬಂದ ಮೇಲೆ ಆ ಗೆರೆ ಎಳೆದವರಿಗೆಲ್ಲ ಫೋನ್ ಮಾಡಿದೆ. ಯಾರು ಅಂತ ಗೊತ್ತಾಗದ ಹಾಗೆ ಬರೆದರೆ ಅಡ್ಡಿಯಿಲ್ಲ ಅಂದವರ ಮಾತು ಮಾತ್ರ ಇಲ್ಲಿ ಹೇಳುತ್ತಿದ್ದೇನೆ.

ಒಬ್ಬರು ಬ್ಯಾಂಕಿನವರು. ಈ ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳ ಪಟ್ಟಿ ನಿಮಗೆ ಬಾಯಿಪಾಠ ಇರುತ್ತದೆ: 1906ರಲ್ಲಿ ಕೆನರಾ ಮತ್ತು ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಡಿಗ್ರಿ ಮುಗಿಸಿದ ಹುಡುಗಿಗೆ ಮನೆಯವರು ‘ಹೋಗಿ ಬಾ’ ಅಂದ ಕೆಲಸಗಳು ಎರಡೇ, ಒಂದು ಟೀಚರ್, ಇನ್ನೊಂದು ಬ್ಯಾಂಕು. ಇವರು ಹಾಗೆ ಸೇರಿದವರು. 2019ರ ಏಪ್ರಿಲ್‌ನಲ್ಲಿ ವಿಜಯಾ, ಮರುವರ್ಷದ ಏಪ್ರಿಲ್‌ನಲ್ಲಿ ಕಾರ್ಪೊರೇಷನ್, ಸಿಂಡಿಕೇಟ್ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವಲ್ಲ, ಆಗ ಇವರು ಸೇರಿದ್ದ ಬ್ಯಾಂಕಿನ ಹೆಸರೂ ಹೋಯಿತು. ಗೆರೆಯ ಮೇಲೆ ಬರೆದದ್ದು, ‘ಸೀನಿಯರ್ ಮ್ಯಾನೇಜರ್ ಆಗಿ ನಿವೃತ್ತಿ. ಇಬ್ಬರು ಮಕ್ಕಳು ಇಂಜಿನಿಯರುಗಳು.’

ಗೆರೆಯ ಕೆಳಗೆ ಬೇರೆಯೇ ಕಥೆ. ಬ್ಯಾಂಕಿನಲ್ಲಿ ಇಡೀ ಶಾಖೆಯ ಸಾಲ ಮಂಜೂರು ಮಾಡುತ್ತಿದ್ದವರು ಮನೆಯಲ್ಲಿ ತಮ್ಮ ಸ್ವಂತ ಎಫ್‌ಡಿ ಎಷ್ಟಿದೆ ಅಂತ ಕೇಳಿದವರಲ್ಲ. ಯಜಮಾನರು ಫಾರ್ಮ್ ತುಂಬಿ, ಸಹಿ ಹಾಕಬೇಕಾದ ಕಡೆ ಪೆನ್ಸಿಲಿನಲ್ಲಿ ಸಣ್ಣ ಗುರುತು ಹಾಕಿ ಊಟದ ಮೇಜಿನ ಮೇಲೆ ಇಡುತ್ತಿದ್ದರು. ಇವರು ಗುರುತು ಇದ್ದಲ್ಲಿ ಸಹಿ ಹಾಕಿ, ರಬ್ಬರಿನಿಂದ ಗುರುತು ಅಳಿಸಿ, ವಾಪಸ್ ಕೊಡುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಕಪಾಟು ತೆಗೆದು ನೋಡಿದರೆ ಎರಡು ಲಾಕರು, ಅದರಲ್ಲಿ ಒಂದರ ವಿಷಯ ಇವರಿಗೆ ಗೊತ್ತೇ ಇಲ್ಲ. ಅರವತ್ತಾರನೇ ವಯಸ್ಸಿನಲ್ಲಿ ತಮ್ಮೊಬ್ಬರ ಹೆಸರಿನಲ್ಲಿ ಮೊದಲ ಎಫ್‌ಡಿ ಮಾಡಿಸಿದರು. ‘ಕೌಂಟರಿನ ಈಚೆ ಕಡೆ ನಿಂತು ನನ್ನ ದುಡ್ಡಿನ ಬಗ್ಗೆ ನಾನೇ ಮಾತಾಡಿದ್ದು ಅದೇ ಮೊದಲು. ಕೈ ನಡುಗುತ್ತಿತ್ತು’ ಅಂತ ಬರೆದಿದ್ದಾರೆ. ಅವರ ಶಾಖೆಯಲ್ಲಿ ಕೆಲಸ ಕಲಿತ ಹುಡುಗಿಯರು ಈಗ ಎಲ್ಲೆಲ್ಲೋ ಮ್ಯಾನೇಜರುಗಳು. ಅವರೆಲ್ಲ ಓದಬೇಕಾದ ಸುದ್ದಿ ಇದು, ಅಲ್ವಾ?

ಇನ್ನೊಬ್ಬರು ನಿಮ್ಮ ಹಾಗೆ ಟೀಚರ್. ಆದರೆ ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆ. ಬಿಡಿಸಿ ಹೇಳಬೇಕಾಗಿಲ್ಲ, ನಿಮ್ಮ ಪಿಂಚಣಿಗೂ ಅವರ ಪಿಂಚಣಿಗೂ ಅಜಗಜಾಂತರ. ಪಿಎಫ್ ಕಡೆಯಿಂದ ಬರುವ ಪಿಂಚಣಿಗೆ ಕನಿಷ್ಠ 1000 ರೂಪಾಯಿ ಅಂತ 2014ರಲ್ಲಿ ಮಾಡಿದರು. ಇವರಿಗೆ ಅದಕ್ಕಿಂತ ಸ್ವಲ್ಪ ಮೇಲೆ, ಎರಡು ಸಾವಿರ ಮುಟ್ಟುವುದಿಲ್ಲ. ಮೇಲೆ ಬರೆದದ್ದು ‘ಸಾರ್ಥಕ ಸೇವೆ’. ಕೆಳಗೆ ಬರೆದದ್ದು, ಸಂಜೆ ಮನೆಯಲ್ಲಿ ಏಳನೇ ಕ್ಲಾಸಿನ ಮಕ್ಕಳಿಗೆ ಟ್ಯೂಷನ್, ಬಿಪಿ ಮಾತ್ರೆಯ ಖರ್ಚು ಅದರಿಂದಲೇ. ‘ಅಕ್ಕಪಕ್ಕದವರಿಗೆ ಸುಮ್ನೆ ಟೈಂಪಾಸ್‌ಗೆ ಅಂತ ಹೇಳಿದ್ದೇನೆ.’ ಅವರ ಬ್ಯಾಚಿನವರು ವರ್ಷಕ್ಕೊಮ್ಮೆ ಮಂಗಳೂರಿನ ದೊಡ್ಡ ಹೋಟೆಲಿನಲ್ಲಿ ಸೇರುತ್ತಾರಂತೆ. ತಲಾ ಎರಡು ಸಾವಿರ. ಇವರು ಪ್ರತಿ ಸಲ ಮೊಣಕಾಲು ನೋವು ಅಂತ ತಪ್ಪಿಸಿಕೊಳ್ಳುತ್ತಾರೆ. ಮೊಣಕಾಲು ಚೆನ್ನಾಗಿಯೇ ಉಂಟು.

ಇದನ್ನು ಓದುತ್ತಿರುವ ಬ್ಯಾಚ್ ಲೀಡರುಗಳಿಗೆ ನನ್ನದೊಂದು ಕಿವಿಮಾತು. ಮುಂದಿನ ಸಲ ಯಾರದಾದರೂ ಮನೆಯ ಜಗಲಿಯಲ್ಲಿ ಸೇರಿ. ಗೋಳಿಬಜೆ, ಚಾ ಸಾಕು. ಎಷ್ಟು ಜನರ ಮೊಣಕಾಲು ನೋವು ವಾಸಿಯಾಗುತ್ತದೆ ನೋಡಿ.

ಮೂರನೆಯವರದು ಮನೆಯ ವಿಷಯ. ಮಗನಿಗೆ ಮನೆಯನ್ನು ದಾನಪತ್ರ ಮಾಡಿ ಕೊಟ್ಟಿದ್ದಾರೆ, ಈಗ ಆ ಮನೆಯಲ್ಲಿ ಅವರಿಗಿರುವುದು ಒಂದು ಕೋಣೆ, ಅದರ ಫ್ಯಾನು ಹಾಳಾಗಿ ತಿಂಗಳುಗಳಾಗಿವೆ. ಇದಕ್ಕಿಂತ ಜಾಸ್ತಿ ಹೇಳಬೇಡಿ ಅಂದಿದ್ದಾರೆ, ಹೇಳುವುದಿಲ್ಲ. ಆದರೆ ಕಾನೂನು ಹೇಳಬಹುದು. ಹಿರಿಯ ನಾಗರಿಕರ ಪೋಷಣೆಗೆ ಅಂತ 2007ರ ಕಾಯ್ದೆ ಉಂಟು. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಆಮೇಲೆ ಮಕ್ಕಳು ನೋಡಿಕೊಳ್ಳದಿದ್ದರೆ ಆ ಪತ್ರವನ್ನೇ ರದ್ದು ಮಾಡಿಸಲು ಅದರ 23ನೇ ಕಲಂನಲ್ಲಿ ಅವಕಾಶ ಇದೆ. ಅರ್ಜಿ ಕೊಡಬೇಕಾದ್ದು ಸಹಾಯಕ ಆಯುಕ್ತರಿಗೆ, ಜನ ಎ.ಸಿ. ಆಫೀಸು ಅನ್ನುತ್ತಾರಲ್ಲ, ಅಲ್ಲಿ. ಷರತ್ತು ಪತ್ರದಲ್ಲೇ ಸ್ಪಷ್ಟವಾಗಿ ಬರೆದಿದ್ದರೆ ಜಗಳ ಕಡಿಮೆ. ಹಾಗಾಗಿ ಇನ್ನೂ ದಾನಪತ್ರ ಮಾಡದವರು ಆ ಒಂದು ಸಾಲು ಬರೆಸದೆ ಸಹಿ ಹಾಕಬೇಡಿ. ಮಗ ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಗೆರೆಯ ಕೆಳಗೆ ಇರುವುದೆಲ್ಲ ಕಷ್ಟವೇ ಅಂದುಕೊಳ್ಳಬೇಡಿ ಟೀಚರ್. ನನಗೆ ಆಶ್ಚರ್ಯ ಆದದ್ದು ಅಲ್ಲೇ. ಸಂತೋಷವನ್ನೂ ಅಲ್ಲೇ ಮುಚ್ಚಿಟ್ಟಿದ್ದಾರೆ.

ಮೂವರು ಗೆಳತಿಯರು. ಒಂದೇ ಕ್ಲಾಸಿನವರು, ಮೂವರೂ ಸಕ್ಕರೆ ಕಾಯಿಲೆಯವರು. 2023ರ ಜೂನ್‌ನಲ್ಲಿ ಹೆಂಗಸರಿಗೆ ಸರಕಾರಿ ಬಸ್ಸು ಫ್ರೀ ಆಯಿತಲ್ಲ, ಅಲ್ಲಿಂದ ಇವರ ತಿರುಗಾಟ ಶುರು. ನಮ್ಮ ಕಡೆ ಉಡುಪಿ, ಮಂಗಳೂರು ಮಧ್ಯೆ ಓಡುವುದು ಜಾಸ್ತಿ ಖಾಸಗಿ ಬಸ್ಸು, ಫ್ರೀ ಅಂದರೂ ನಮಗೆ ಸಿಕ್ಕಿದ್ದು ಅಷ್ಟಕ್ಕಷ್ಟೆ. ಇವರು ಅದಕ್ಕೂ ದಾರಿ ಕಂಡುಕೊಂಡಿದ್ದಾರೆ. ಬೆಳಗ್ಗೆ ಮಂಗಳೂರಿನ ಬಿಜೈ ಕೆಎಸ್‌ಆರ್‌ಟಿಸಿ ನಿಲ್ದಾಣದಲ್ಲಿ ಸೇರುವುದು, ಆಧಾರ್ ಕಾರ್ಡು ಕೈಯಲ್ಲಿ ಹಿಡಿದು ಮೊದಲು ಬಂದ ಬಸ್ಸು ಹತ್ತುವುದು. ಧರ್ಮಸ್ಥಳವಾದರೆ ಧರ್ಮಸ್ಥಳ, ಸುಬ್ರಹ್ಮಣ್ಯವಾದರೆ ಸುಬ್ರಹ್ಮಣ್ಯ. ರೈಲಿನಲ್ಲಿ 58 ದಾಟಿದ ಹೆಂಗಸರಿಗೆ ಇದ್ದ ಅರ್ಧ ಟಿಕೆಟ್ಟು 2020ರಲ್ಲಿ ನಿಂತುಹೋಯಿತು, ಬಸ್ಸಾದರೂ ಇರಲಿ ಅನ್ನುತ್ತಾರೆ. ವಾಪಸ್ ಬಂದು ಒಂದು ಗಡ್‌ಬಡ್ ಐಸ್‌ಕ್ರೀಮ್, ಮೂರು ಚಮಚ. ಮನೆಯಲ್ಲಿ ಹೇಳುವುದು ‘ದೇವಸ್ಥಾನಕ್ಕೆ ಹೋಗಿದ್ದೆ’. ಅದು ಸುಳ್ಳಲ್ಲ, ನಿಜ. ಗಡ್‌ಬಡ್ ವಿಷಯ ಮಾತ್ರ ಪ್ರಕಟಣೆಗೆ ಅಲ್ಲ.

ಇನ್ನೊಂದು ಪತ್ರದಲ್ಲಿ ಗೆರೆಯ ಕೆಳಗೆ ಎರಡೇ ಸಾಲು. ‘ನಮ್ಮವರು ಹೋದ ಮೇಲೆ ನನಗೆ ರಾತ್ರಿ ಒಳ್ಳೆಯ ನಿದ್ದೆ ಬರುತ್ತದೆ. ನಲವತ್ತು ವರ್ಷದಲ್ಲಿ ಬಂದಿರಲಿಲ್ಲ.’ ಇದನ್ನು ಹಾಕಬಹುದಾ ಅಂತ ಫೋನಿನಲ್ಲಿ ಹಿಂದೆ ಮುಂದೆ ನೋಡುತ್ತಾ ಕೇಳಿದೆ. ಅವರು ನಕ್ಕುಬಿಟ್ಟರು. ‘ಹಾಕಿ. ಇಂಥವರು ತುಂಬಾ ಜನ ಉಂಟು. ನಾನೇ ಅಂತ ಯಾರಿಗೆ ಗೊತ್ತಾಗುತ್ತದೆ?’

ಈಗ ನಿಮ್ಮ ವಿಷಯ. ಸುದ್ದಿ ಇಲ್ಲ ಅಂದಿದ್ದೀರಿ. ಆದರೆ ಮೂರನೇ ಹಾಳೆಯಲ್ಲಿ, ಇಷ್ಟುದ್ದ ಬರೆದದ್ದಕ್ಕೆ ಕ್ಷಮೆ ಕೇಳುವಾಗ ಒಂದು ಮಾತು ಜಾರಿಬಿಟ್ಟಿದ್ದೀರಿ. ‘ಸಂಜೆ ಮದ್ದಳೆ ಕ್ಲಾಸಿಗೆ ಹೋಗುವುದರಿಂದ ಎರಡು ವರ್ಷದಿಂದ ರಾತ್ರಿ ಅಡುಗೆ ಬಿಟ್ಟಿದ್ದೇನೆ, ಹಾಗಾಗಿ ಪುರುಸೊತ್ತು ಉಂಟು.’ ಟೀಚರ್, ಇದು ಸುದ್ದಿ ಅಲ್ಲದಿದ್ದರೆ ನಾನು ಪತ್ರಿಕೆ ಮುಚ್ಚಿ ಮನೆಗೆ ಹೋಗುತ್ತೇನೆ! ಎಪ್ಪತ್ತರ ಹತ್ತಿರದ ಹೆಂಗಸು ಯಕ್ಷಗಾನದ ಹಿಮ್ಮೇಳಕ್ಕೆ ಕೂರಲು ಕಲಿಯುವುದು ಒಂದು. ರಾತ್ರಿ ಅಡುಗೆ ಮಾಡುವುದಿಲ್ಲ ಅಂತ ಮನೆಯಲ್ಲಿ ಹೇಳಿ ಎರಡು ವರ್ಷ ದಕ್ಕಿಸಿಕೊಂಡದ್ದು ಇನ್ನೊಂದು. ನನಗಂತೂ ಎರಡನೆಯದೇ ದೊಡ್ಡದು ಅನಿಸುತ್ತದೆ. ಮೊದಲ ದಿನ ಹೇಗೆ ಹೇಳಿದಿರಿ? ಯಜಮಾನರು ಏನಂದರು? ಈಗ ಗಂಜಿಗೆ ಇಡುವವರು ಯಾರು, ಚಟ್ನಿ ಯಾರದು? ಅತ್ತಿಗೆ, ನಾದಿನಿಯರು ಬಂದಾಗ ಏನು ಗತಿ? ಕೈಬೆರಳು ನೋಯುವುದಿಲ್ಲವಾ? ಗುರುಗಳು ಮೊಮ್ಮಗನ ವಯಸ್ಸಿನವರಾ? ನಿಮ್ಮ ಜತೆ ಬೆಂಚಿನಲ್ಲಿ ಕೂತವರಿಗೆ ತಿಳಿಯಬೇಕಾದ್ದು ಇದೇ.

ಮುಂದಿನ ಸಂಚಿಕೆಯಿಂದ ಈ ಅಂಕಣಕ್ಕೆ ಎರಡು ಪುಟ ಖಾಯಂ ಇಡುತ್ತೇವೆ. ಹೆಸರು ಬೇಕಾದವರು ಹಾಕಲಿ, ಬೇಡದವರು ಬಿಡಲಿ. ಮಕ್ಕಳು, ಮೊಮ್ಮಕ್ಕಳ ಬಗ್ಗೆ ಒಂದು ವಾಕ್ಯಕ್ಕೆ ಅನುಮತಿ ಇದೆ. ಎರಡನೇ ವಾಕ್ಯಕ್ಕೆ ಕತ್ತರಿ. ಡಲ್ಲಾಸ್‌ನವರು ದಯವಿಟ್ಟು ಕೋಪ ಮಾಡಿಕೊಳ್ಳಬಾರದು.

ಹಳೆಯ ಗೆಳತಿಯನ್ನು ಹುಡುಕಿಕೊಡಿ ಅಂತಲೂ ಕೇಳಿದ್ದೀರಿ. ಇದು ಅಷ್ಟು ಸುಲಭ ಅಲ್ಲ. ಹಾಜರಿ ಪುಸ್ತಕದಲ್ಲಿ ಇದ್ದದ್ದು ಇನಿಶಿಯಲ್ ಮತ್ತು ಹೆಸರು. ಮದುವೆಯಾದ ಮೇಲೆ ಇನಿಶಿಯಲ್ ಹೋಗಿ ಗಂಡನ ಮನೆಯ ಹೆಸರು ಬಂತು, ಕೆಲವರಿಗೆ ಇಟ್ಟ ಹೆಸರೇ ಬದಲಾಯಿತು. ನಿಮ್ಮ ಕ್ಲಾಸಿನಲ್ಲಿ ಎಷ್ಟು ಜನ ವಸಂತಿಯರಿದ್ದರು ಅಂತ ನಿಮಗೇ ಗೊತ್ತು. ಹಾಗಾಗಿ ಬರೆಯುವವರೆಲ್ಲ ಕಾಲೇಜಿನ ಹಾಜರಿ ಪುಸ್ತಕದಲ್ಲಿದ್ದ ಹೆಸರು, ಓದಿದ ವಿಷಯ, ಪಾಸಾದ ವರ್ಷ ಬರೆದರೆ ಹುಡುಕುವವರಿಗೆ ಅನುಕೂಲ. ನಿಮ್ಮ ಗೆಳತಿ ಮುಲ್ಕಿಯ ಕಡೆಯವರು, ಹಾಸ್ಟೆಲಿನಲ್ಲಿದ್ದರು, ಎಡಗೈಯಲ್ಲಿ ಬರೆಯುತ್ತಿದ್ದರು ಅಂದಿದ್ದೀರಿ. ಇಲ್ಲಿ ಅಷ್ಟು ಹಾಕಿದ್ದೇನೆ. ಓದಿದವರಿಗೆ ನೆನಪಾದರೆ ನಮ್ಮ ಆಫೀಸಿಗೆ ತಿಳಿಸಲಿ.

ಫೋಟೊ ಹಳೆಯದು ಬೇಕಾ, ಈಗಿನದಾ ಅಂತ ಕೊನೆಯಲ್ಲಿ ಕೇಳಿದ್ದೀರಿ. ಎರಡು ಜಡೆ, ದಾವಣಿಯ ಸ್ಟುಡಿಯೊ ಫೋಟೊಗಳು ನಮ್ಮಲ್ಲಿ ಬೇಕಾದಷ್ಟು ಇವೆ. ಹೆಸರು ಹಾಕುವ ಮನಸ್ಸಾದರೆ ಈಗಿನದು ಕಳಿಸಿ, ಮದ್ದಳೆ ಜತೆ ತೆಗೆದದ್ದು. ಮನಸ್ಸಾಗದಿದ್ದರೆ ಕೈ ಮತ್ತು ಮದ್ದಳೆ ಮಾತ್ರ ಕಂಡರೂ ಸಾಕು. ಹತ್ತನೇ ತಾರೀಕಿನ ಒಳಗೆ ಸಿಗಲಿ, ಹನ್ನೊಂದಕ್ಕೆ ಪುಟಗಳು ಪ್ರೆಸ್ಸಿಗೆ ಹೋಗುತ್ತವೆ.

– ಸಂ.