ಓದುವ ಹುಚ್ಚಿರುವವರಿಗೆ ಪ್ರಕಾಶನದ ಕೆಲಸ ಹೊಂದುತ್ತದೆಯೇ?

ಕನ್ನಡ ಎಂ.ಎ. ಮುಗಿಸಿದ್ದೇನೆ, ಓದುವ ಹುಚ್ಚಿದೆ, ದೊಡ್ಡ ಪ್ರಕಾಶನ ಸಂಸ್ಥೆಯಲ್ಲಿ ಕೆಲಸ ಹೇಗಿರುತ್ತದೆ ಅಂತ ಕೇಳಿದ್ದೀರಿ. ಬೆಂಗಳೂರಿನ ಅಂಥದ್ದೊಂದು ಸಂಸ್ಥೆಯಲ್ಲಿ ಆರು ವರ್ಷ ಇದ್ದೆ. ಹೆಸರು ಬೇಡ, ಹಳೆಯ ಸಹೋದ್ಯೋಗಿಗಳೂ ಇದನ್ನು ಓದುತ್ತಾರೆ.

ಮೊದಲು ಆ 'ದೊಡ್ಡ' ಅನ್ನುವುದನ್ನು ಸ್ವಲ್ಪ ಇಳಿಸಿಕೊಳ್ಳಿ. ನಮ್ಮಲ್ಲಿ ದೊಡ್ಡದಾಗಿದ್ದದ್ದು ಗೋದಾಮು ಮತ್ತು ಮಳಿಗೆ. ಕೂತು ಓದಿ ತಿದ್ದುವವರು ನಾಲ್ಕೇ ಜನ. ಹೊಸ ಕಾದಂಬರಿ 1000 ಪ್ರತಿ ಅಚ್ಚಾದರೆ ಹಬ್ಬ. ಕವನ ಸಂಕಲನವಾದರೆ 500ಕ್ಕೂ ಮಾಲೀಕರು ಎರಡು ಸಲ ಯೋಚಿಸುತ್ತಿದ್ದರು.

ಓದಿದ್ದಕ್ಕೇ ಸಂಬಳ ಕೊಡುತ್ತಾರೆ ಅಂದುಕೊಂಡೇ ನಾನೂ ಸೇರಿದ್ದು. ಓದು ಬೇಕಾದಷ್ಟಿದೆ, ಆದರೆ ಅದು ಬೇರೆಯದೇ ಓದು. ಮೂರನೇ ಕರಡಿಗೆ ಬರುವ ಹೊತ್ತಿಗೆ ಕಥೆಯಲ್ಲಿ ಯಾರು ಸತ್ತರು ಅನ್ನುವುದು ತಲೆಗೆ ಹತ್ತುವುದಿಲ್ಲ. 'ಸತ್ತರು' ಅನ್ನುವುದರ ಒತ್ತು ಸರಿಯಾಗಿ ಕೂತಿದೆಯಾ ಅಂತ ಕಣ್ಣು ಹುಡುಕುತ್ತದೆ. ಎಷ್ಟೋ ಲೇಖಕರು ಇನ್ನೂ 'ನುಡಿ' ಅನ್ನುವ ಹಳೆಯ ಕನ್ನಡ ತಂತ್ರಾಂಶದ ಫಾಂಟಿನಲ್ಲೇ ಟೈಪ್ ಮಾಡಿ ಕಳಿಸುತ್ತಾರೆ. ಅದನ್ನು ಯೂನಿಕೋಡಿಗೆ ತಿರುಗಿಸುವಾಗ, ಇಲ್ಲವೇ ಹಳೆಯ ಪಿಡಿಎಫ್‌ನಿಂದ ಎತ್ತುವಾಗ, ಅರ್ಕಾವೊತ್ತು ತನ್ನ ಜಾಗ ಬಿಟ್ಟು ಓಡುತ್ತದೆ: ಕರ್ನಾಟಕ ಹೋಗಿ 'ಕನಾರ್ಟಕ', ಧರ್ಮ ಹೋಗಿ 'ಧಮರ್'. ನನ್ನ ಮೊದಲ ವರ್ಷದ ಮುಕ್ಕಾಲು ಪಾಲು ಈ ಓಡಿಹೋದ ಅರ್ಕಾವೊತ್ತುಗಳನ್ನು ಹಿಡಿದು ತರುವುದರಲ್ಲೇ ಕಳೆಯಿತು.

ಇನ್ನು ಫಾರಂ ಲೆಕ್ಕ. 1/8 ಡೆಮಿ, ಅಂದರೆ ಕಾದಂಬರಿಗಳ ಮಾಮೂಲಿ ಅಳತೆಯ ಪುಸ್ತಕದಲ್ಲಿ ಹಾಳೆಯ ಒಂದೊಂದು ಬದಿಗೆ ಎಂಟೆಂಟು ಪುಟ, ಒಟ್ಟು 16 ಪುಟಕ್ಕೆ ಒಂದು ಫಾರಂ. ಪುಸ್ತಕ 195 ಪುಟಕ್ಕೆ ನಿಂತಿತು ಅನ್ನಿ. ಹನ್ನೆರಡು ಫಾರಂ ಅಂದರೆ 192, ಮೂರು ಪುಟ ಹೆಚ್ಚು. ಆ ಮೂರಕ್ಕಾಗಿ ಇನ್ನೊಂದು ಫಾರಂ ಹಾಕುವುದು ದಂಡ. ಆಗ ಒಂದೋ ಅಕ್ಷರ ಅರ್ಧ ಪಾಯಿಂಟ್ ಇಳಿಸಬೇಕು, ಇಲ್ಲವೇ 'ಅರಿಕೆ'ಯಲ್ಲಿ ನೆನೆದ ನಲವತ್ತು ಹೆಸರನ್ನು ಹತ್ತಕ್ಕೆ ಇಳಿಸಿ ಅಂತ ಲೇಖಕರನ್ನು ಒಪ್ಪಿಸಬೇಕು. ಎರಡನೆಯದಕ್ಕಿಂತ ಹೊಸ ಪುಸ್ತಕ ಬರೆಸುವುದು ಸುಲಭ.

ಹಣದ ಕಥೆ ಚಿಕ್ಕದು. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಆದರೆ ಕಾಗದಕ್ಕೆ ಕಟ್ಟಿದ ತೆರಿಗೆ ವಾಪಸ್ ಬರುವುದಿಲ್ಲ, ಅದು ಪ್ರಕಾಶಕರ ತಲೆಗೇ. 200 ರೂಪಾಯಿ ಪುಸ್ತಕದಲ್ಲಿ ಅಂಗಡಿಯವರ ಕಮಿಷನ್ 60–70, ಲೇಖಕರ ಗೌರವಧನ 20. ಉಳಿದದ್ದರಲ್ಲಿ ಕಾಗದ, ಅಚ್ಚು, ಬೈಂಡಿಂಗ್, ನಮ್ಮ ಸಂಬಳ. ನಮ್ಮ ಸಂಬಳ ಯಾಕೆ ಹಾಗಿತ್ತು ಅಂತ ನೀವೇ ಊಹಿಸಿಕೊಳ್ಳಿ.

ಕಿರಿಯರ ಪಾಲಿಗೆ ಬರುವ ಕೆಲಸ ಅಂಚೆಯದು. ಗ್ರಂಥಾಲಯಗಳಿಗೆ ಪುಸ್ತಕ ಒಪ್ಪಿಸುವ 1954ರ ಕಾಯಿದೆಯ ಪ್ರಕಾರ ಪುಸ್ತಕ ಹೊರಬಂದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ ಕಳಿಸಬೇಕು. ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೂ ಒಂದೊಂದು. ಆ ನಾಲ್ಕು ವಿಳಾಸ ನನಗೆ ಇವತ್ತಿಗೂ ಬಾಯಿಪಾಠ.

ಒಂದು ಅವಾಂತರ ಹೇಳಲೇಬೇಕು. ಮುನ್ನೂರು ಪುಟದ ಪುಸ್ತಕವೊಂದನ್ನು ನಾಲ್ಕು ಸಲ ಕರಡು ನೋಡಿದೆವು, ಒಳಗೆ ಒಂದು ತಪ್ಪಿಲ್ಲ. ಬೈಂಡಿಂಗ್ ಆಗಿ ಕಟ್ಟು ಬಿಚ್ಚಿದಾಗ ಬೆನ್ನಿನ ಮೇಲೆ ಲೇಖಕರ ಹೆಸರಿನಲ್ಲಿ 'ಳ' ಇರಬೇಕಾದಲ್ಲಿ 'ಲ'! ರಕ್ಷಾಪುಟ ಕಲಾವಿದರ ಕೆಲಸ ಅಂತ ನಾವು, ಅಕ್ಷರ ಸಂಪಾದಕರ ಕೆಲಸ ಅಂತ ಅವರು. ಗೋದಾಮಿನ ನೆಲದ ಮೇಲೆ ಕೂತು ಸಾವಿರ ಪ್ರತಿಗೂ ಕೈಯಾರೆ ಸ್ಟಿಕ್ಕರ್ ಅಂಟಿಸಿದೆವು, ಎರಡು ದಿನ. ಬಿಡುಗಡೆಯ ದಿನ ಲೇಖಕರು ವೇದಿಕೆಯ ಮೇಲೆ ಕೂತು ಆ ಸ್ಟಿಕ್ಕರನ್ನು ಉಗುರಿನಲ್ಲಿ ಕೆರೆಯುತ್ತಿದ್ದುದನ್ನು ನಾನು ಕೊನೆಯ ಸಾಲಿನಿಂದ ನೋಡಿದೆ.

ಸಂದರ್ಶನಕ್ಕೆ ಹೋದರೆ ಪ್ರಮಾಣಪತ್ರಕ್ಕಿಂತ ಮೊದಲು ತಪ್ಪು ತುಂಬಿದ ನಾಲ್ಕೈದು ಪುಟ ಕೈಗೆ ಕೊಟ್ಟು ತಿದ್ದಿ ಅನ್ನಬಹುದು. ನನಗೂ ಕೊಟ್ಟಿದ್ದರು. ಕೆಂಪು ಪೆನ್ನು ಹಿಡಿದು ಧಾರವಾಡದ ಕಡೆಯ ಸಂಭಾಷಣೆಯಲ್ಲಿದ್ದ 'ಬಂದಾನ' ಎಲ್ಲವನ್ನೂ 'ಬಂದಿದ್ದಾನೆ' ಮಾಡಿಟ್ಟೆ. ಹಿರಿಯ ಸಂಪಾದಕರು ನೋಡಿ, "ಅಲ್ಲಮ್ಮಾ, ಆ ಪುಟದಲ್ಲಿ ತಪ್ಪೇ ಇರಲಿಲ್ಲ" ಅಂದರು. ಆಮೇಲೆ, ಸೋಮವಾರದಿಂದ ಬನ್ನಿ ಅಂದರು.